ಎರಡು ಗುಂಡಿಯ ಯಂತ್ರ

ಸಣ್ಣ ಕಾರ್ಖಾನೆ ನಡೆಸುವವರ ಗೋಳು ಎಲ್ಲ ಕಡೆ ಒಂದೇ. ಆರ್ಡರ್ ಇದ್ದರೆ ಪುರುಸೊತ್ತಿಲ್ಲ, ಪುರುಸೊತ್ತಿದ್ದರೆ ಆರ್ಡರ್ ಇಲ್ಲ. ರಟ್ಟಿನ ಪೆಟ್ಟಿಗೆ ಮಾಡುವ ಈ ಗಂಡಹೆಂಡಿರಿಗೆ ಆಗ ಉಸಿರಾಡಲು ಬಿಡುವಿಲ್ಲದಷ್ಟು ಆರ್ಡರ್ ಇತ್ತು. ಗಂಡ ಕೆಳಗೆ ಶೆಡ್ಡಿನಲ್ಲಿ ಕೆಲಸ ನೋಡಿಕೊಳ್ಳುತ್ತಿದ್ದ. ಹೆಂಡತಿ ಮೇಲಿನ ಕೋಣೆಯಲ್ಲಿ ಬಿಲ್ಲು, ಸಂಬಳ, ಫೋನು ನೋಡಿಕೊಳ್ಳುತ್ತಿದ್ದಳು. ಕೆಲಸದವರೆಲ್ಲ ಅವಳನ್ನು ಅಕ್ಕ ಎನ್ನುತ್ತಿದ್ದರು, ನಾವೂ ಹಾಗೇ ಕರೆಯೋಣ. ಕಂಪನಿ ಇದ್ದದ್ದು ಅಕ್ಕನ ಹೆಸರಿನಲ್ಲಿ. ಸಹಿ ಅವಳದು, ಮಾತು ಗಂಡನದು. ಮೊದಲಿನಿಂದಲೂ ಹೀಗೇ ನಡೆದುಬಂದಿದ್ದರಿಂದ ಅದರಲ್ಲಿ ಏನೋ ಸರಿಯಿಲ್ಲ ಎಂದು ಅವಳಿಗೆ ಹೊಳೆದೇ ಇರಲಿಲ್ಲ.

ಶೆಡ್ಡಿನ ನಡುವೆ ರಟ್ಟು ಕತ್ತರಿಸುವ ಹಳೆಯ ಯಂತ್ರವಿತ್ತು. ಅದಕ್ಕೆ ಎಡಕ್ಕೊಂದು, ಬಲಕ್ಕೊಂದು ಗುಂಡಿ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಲಗು ಇಳಿಯಬೇಕು. ಎರಡು ಕೈಯೂ ಗುಂಡಿಯ ಮೇಲಿದ್ದರೆ ಅಲಗಿನ ಕೆಳಗೆ ಬೆರಳು ಹೋಗುವ ಮಾತೇ ಇಲ್ಲ. ಆದರೆ ಕೆಲಸ ನಿಧಾನ. ಅದಕ್ಕೆ ಎಡಗಡೆಯ ಗುಂಡಿ ಸದಾ ಒಳಗೇ ಕೂತಿರುವಂತೆ ಸಂದಿಗೆ ರಟ್ಟಿನ ಚೂರೊಂದನ್ನು ಮಡಿಸಿ ತುರುಕಿದ್ದರು. ಈಗ ಒಂದು ಕೈ ಒತ್ತುತ್ತಿತ್ತು, ಇನ್ನೊಂದು ಕೈ ರಟ್ಟು ಸರಿಸುತ್ತಿತ್ತು.

ಇದರಲ್ಲಿ ಎಲ್ಲರನ್ನೂ ಮೀರಿಸಿದವಳು ಮಿಂಚು. ಅವಳ ಕೈಯ ವೇಗ ನೋಡಿ ಇಟ್ಟ ಅಡ್ಡಹೆಸರು ಅದು. ಹೆಚ್ಚು ರಟ್ಟು ಕತ್ತರಿಸಿದವರಿಗೆ ತಿಂಗಳ ಕೊನೆಗೆ ಬಹುಮಾನವಿತ್ತು, ಎಲ್ಲರೆದುರು ಚಪ್ಪಾಳೆಯಿತ್ತು. ಸಾಮಾನ್ಯವಾಗಿ ಎರಡೂ ಮಿಂಚುವಿಗೇ. ಒಂದು ದಿನ ಅಲಗು ಅವಳ ಅಂಗಿಯ ತೋಳಿನ ಅಂಚನ್ನು ಕತ್ತರಿಸಿಹಾಕಿತು. ಇವಳು ದರ್ಜಿ ಕೆಲಸವನ್ನೂ ಕಲಿತಳು ಎಂದು ಎಲ್ಲರೂ ನಕ್ಕರು. ಏನೋ ಹೇಳಲು ಕೆಳಗಿಳಿದಿದ್ದ ಅಕ್ಕನೂ ನಕ್ಕಳು. ಆಮೇಲೆ ಮೇಲೆ ಬಂದು ಕೂತು ತನ್ನ ಬೆರಳುಗಳನ್ನು ಸ್ವಲ್ಪ ಹೊತ್ತು ನೋಡಿಕೊಂಡಳು. ಶೆಡ್ಡಿನ ವಿಷಯ ಗಂಡನದು ಎಂದುಕೊಂಡು ಸುಮ್ಮನಾದಳು.

ಆ ವಾರವೇ ಅಕ್ಕನ ನಾದಿನಿ ಬಂದಳು. ಅವಳು ವಕೀಲೆ, ಕಾರ್ಖಾನೆಗಳ ಮೊಕದ್ದಮೆಗಳನ್ನೇ ನೋಡುವವಳು. ಮನೆ ಬದಲಾಯಿಸುತ್ತಿದ್ದಳು, ಪುಸ್ತಕ ತುಂಬಲು ಪೆಟ್ಟಿಗೆ ಬೇಕಿತ್ತು. ಪೆಟ್ಟಿಗೆ ಆರಿಸಲು ಶೆಡ್ಡಿಗೆ ಹೋದವಳು ಯಂತ್ರದ ಮುಂದೆ ನಿಂತುಬಿಟ್ಟಳು. ಪೆಟ್ಟಿಗೆಯಿಲ್ಲದೆ ಮೇಲೆ ಬಂದು, ಅಕ್ಕನ ಜೊತೆ ಚಹಾ ಕುಡಿಯುತ್ತಿದ್ದ ಅಣ್ಣನನ್ನು ಆ ಚೂರು ಯಾಕೆ ಎಂದು ಕೇಳಿದಳು.

ಅಣ್ಣ ನಕ್ಕ. ಮದುವೆಮನೆಗೆ ಹೋದರೂ ಇವಳಿಗೆ ಮೊದಲು ಕಾಣುವುದು ಕಾಲು ಮುರಿದ ಕುರ್ಚಿ ಎಂದ. ಗೋಡೆಯ ಮೇಲೆ ‘ಸುರಕ್ಷತೆಯೇ ಮೊದಲು’ ಎಂದು ದೊಡ್ಡ ಬೋರ್ಡಿದೆ, ನಿಯಮ ಓದಿದ್ದೇವೆ ಎಂದು ಎಲ್ಲರಿಂದಲೂ ಬರೆಸಿಕೊಂಡಿದ್ದೇನೆ, ಇನ್ನು ಯಾರಾದರೂ ಕೈ ಕೊಯ್ದುಕೊಂಡರೆ ಅದು ಅವರ ತಪ್ಪು ಎಂದ.

“ಬೋರ್ಡ್ ಹಾಕಿಸಿದ್ದು ನೀನು, ಬಹುಮಾನ ಕೊಡೋದೂ ನೀನೇ,” ಎಂದಳು ತಂಗಿ. “ಆ ಹುಡುಗಿ ಯಾವುದನ್ನ ನಂಬಬೇಕು ಅಣ್ಣ?”

ಅವನು ಮುಖ ಗಂಟಿಕ್ಕಿದ. ಅವಳು ಬಿಡಲಿಲ್ಲ. ಇಂಥ ಕಡೆ ಯಾರದಾದರೂ ಕೈ ಹೋದರೆ ಅದು ಬರೀ ಅಪಘಾತ ಎನಿಸಿಕೊಳ್ಳುವುದಿಲ್ಲ, ಅಪಾಯ ಗೊತ್ತಿದ್ದೂ ನಡೆಯಲು ಬಿಟ್ಟಿರಿ ಎಂದರೆ ಅಪರಾಧವೇ ಆಗಬಹುದು, ಕಂಪನಿಯ ಜೊತೆಗೆ ಅದನ್ನು ನಡೆಸುವವರೂ ಕಟಕಟೆಯಲ್ಲಿ ನಿಲ್ಲಬೇಕಾಗಬಹುದು ಎಂದಳು. “ಅಲ್ಲಿ ಮೊದಲು ಕೂಗೋದು ಅತ್ತಿಗೆ ಹೆಸರನ್ನ.”

“ಅವಳ ಹೆಸರು ಯಾಕೆ? ಅವಳು ಮೇಲಿರ್ತಾಳೆ. ಪಾಪ, ಅವಳಿಗೇನು ಗೊತ್ತು?”

ಹೂಂ ಎಂದಿದ್ದರೆ ಅಕ್ಕ ಪಾರಾಗುತ್ತಿದ್ದಳು. ಏನೂ ಗೊತ್ತಿಲ್ಲದವಳು ಎನಿಸಿಕೊಳ್ಳುವುದರಲ್ಲಿ ಒಂದು ಸುಖವಿದೆ, ಅದರ ನೆರಳಲ್ಲೇ ಅವಳು ಇಷ್ಟು ವರ್ಷ ಕೂತಿದ್ದಳು. ಈಗ ಆ ನೆರಳು ಚಳಿಚಳಿ ಎನಿಸಿತು.

“ನನಗೆ ಗೊತ್ತಿತ್ತು ರೀ,” ಎಂದಳು. “ಮಿಂಚು ಅಂಗಿಯ ತೋಳು ಕತ್ತರಿಸಿದಾಗ ನಾನು ಅಲ್ಲೇ ಇದ್ದೆ. ನೋಡಿ, ನಕ್ಕು, ಮೇಲೆ ಬಂದೆ.”

ಅವಳು ಎದ್ದು ಕೆಳಗೆ ಹೋಗಿ ಯಂತ್ರ ನಿಲ್ಲಿಸಿದಳು. ಶೆಡ್ಡಿನಲ್ಲಿ ಅವಳು ಸ್ವಿಚ್ಚು ಮುಟ್ಟಿದ್ದು ಅದೇ ಮೊದಲು. ತಡೆಯಲೆಂದು ಹಿಂದೆಯೇ ಬಂದಿದ್ದ ಗಂಡನಿಗೆ, ಅಲಗಿನ ಕೆಳಗಿನಿಂದ ಕೈ ತೆಗೆಯುತ್ತಿದ್ದ ಮಿಂಚು ಕಂಡಳು. ದಿನಾ ಕಾಣುತ್ತಿದ್ದ ಕೈಯೇ. ಸ್ವಿಚ್ಚಿನತ್ತ ಚಾಚಿದ್ದ ತನ್ನ ಕೈಯನ್ನು ಅವನು ಹಿಂದಕ್ಕೆ ತೆಗೆದುಕೊಂಡ.

ಮುಂದೇನು ಮಾಡಬೇಕೆಂದು ನಾದಿನಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು. ಮೊದಲು ನಿಮ್ಮ ಕೆಲಸದಲ್ಲಿ ಎಲ್ಲೆಲ್ಲಿ ಅಪಾಯವಿದೆ, ಎಲ್ಲಿ ಕಾನೂನು ಮುರಿಯುವ ಆಸೆ ಹುಟ್ಟುತ್ತದೆ ಎಂದು ನೀವೇ ಹುಡುಕಿ. ಅದನ್ನು ನೋಡಿಕೊಳ್ಳಲು ಒಬ್ಬರನ್ನು ನೇಮಿಸಿ, ಯಾರನ್ನೂ ಕೇಳದೆ ಕೆಲಸ ನಿಲ್ಲಿಸುವ ಅಧಿಕಾರ ಕೊಡಿ. ಕೆಲಸದವರಿಗೆ ಓದಿ ಹೇಳಿದರೆ ಸಾಲದು, ಮಾಡಿ ತೋರಿಸಿ. ತಪ್ಪು ಕಂಡವರು ಕೆಲಸ ಹೋದೀತೆಂಬ ಹೆದರಿಕೆಯಿಲ್ಲದೆ ಹೇಳುವಂತಿರಲಿ. ಹೇಳಿದ ಮೇಲೆ ಸರಿಮಾಡಿ, ಏನು ಮಾಡಿದಿರಿ ಎಂದು ಬರೆದಿಡಿ, ಆಗಾಗ ಮತ್ತೆ ಹೋಗಿ ನೋಡಿ.

“ಇಷ್ಟೆಲ್ಲ ಮಾಡಿದರೆ ಕೇಸೇ ಆಗಲ್ವಾ?” ಅಣ್ಣ ಕೇಳಿದ.

“ಆ ಭರವಸೆ ಯಾರೂ ಕೊಡೋಕಾಗಲ್ಲ. ಅವಘಡ ಕಡಿಮೆಯಾಗುತ್ತೆ. ಒಂದು ವೇಳೆ ಆದರೂ, ತಡೆಯೋಕೆ ನಿಜವಾಗಿ ಪ್ರಯತ್ನಪಟ್ಟಿದ್ದೆವು ಅಂತ ತೋರಿಸಬಹುದು. ಗೋಡೆ ಮೇಲಿನ ಬೋರ್ಡ್ ತೋರಿಸಿದರೆ ನಡೆಯಲ್ಲ.”

ಅಪಾಯ ನೋಡಿಕೊಳ್ಳುವ ಜವಾಬ್ದಾರಿಯನ್ನು ಅಕ್ಕ ತಾನೇ ಹೊತ್ತಳು. ಚೂರು ಕಿತ್ತುಹಾಕಿದರು. ವೇಗದ ಬಹುಮಾನ ನಿಲ್ಲಿಸಿ, ಆ ಹಣವನ್ನು ಎಲ್ಲರ ಸಂಬಳಕ್ಕೆ ಹಂಚಿದರು. ಮಿಂಚು ಕೆಲವು ದಿನ ಮುನಿಸಿಕೊಂಡಳು. ತನ್ನ ಕೈ ತನ್ನ ಮಾತು ಕೇಳುತ್ತದೆ ಎಂದಳು. ಕೈ ಕೇಳಬಹುದು, ಅಲಗು ಕೇಳುವುದಿಲ್ಲ ಎಂದು ಅಕ್ಕ ಉತ್ತರ ಕೊಟ್ಟಳು.

ಮುಂದಿನ ತಿಂಗಳು ಅವಸರದ ಆರ್ಡರ್ ಬಂತು. ಗಿರಾಕಿಯ ಫೋನು ಮೇಲಿಂದ ಮೇಲೆ. ಗಂಡ ಹಳೆಯ ಅಭ್ಯಾಸದಂತೆ ಬಾಗಿಲಲ್ಲಿ ನಿಂತು ಬೇಗ ಬೇಗ ಎಂದ.

ಮಿಂಚು ತಲೆ ಎತ್ತಲಿಲ್ಲ. “ಇರೋದು ಎರಡು ಕೈ ಸಾರ್. ಎರಡೂ ಗುಂಡಿ ಮೇಲಿವೆ.”

ಸುತ್ತಲಿದ್ದವರು ನಗು ತಡೆದುಕೊಂಡರು. ಅವನು ಅಕ್ಕನ ಮುಖ ನೋಡಿದ. ಆಮೇಲೆ ಫೋನು ತೆಗೆದು, ಸರಕು ನಾಳೆ ಬರುತ್ತದೆ, ಇವತ್ತು ಆಗುವುದಿಲ್ಲ ಎಂದ. ಗಿರಾಕಿ ಗೊಣಗಿ ಒಪ್ಪಿಕೊಂಡ.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ನಿಮ್ಮದು ಅಂಗಡಿಯಿರಲಿ, ಗೋದಾಮಿರಲಿ, ದೊಡ್ಡ ಕಂಪನಿಯೇ ಇರಲಿ, ಅಲ್ಲಿ ನಿಯಮ ಏನು ಹೇಳುತ್ತದೆ, ನೀವು ಯಾವುದಕ್ಕೆ ಶಹಬ್ಬಾಸ್ ಎನ್ನುತ್ತೀರಿ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಾಗದದಲ್ಲಿ ನಿಮ್ಮ ಹೆಸರಿದ್ದರೆ ಕೆಲಸ ನಡೆಯುವ ಜಾಗಕ್ಕೆ ಹೋಗಿ ನಿಂತು ನೋಡಿ. ನೀವು ಕೆಲಸಗಾರರಾಗಿದ್ದರೆ ಕಂಡದ್ದನ್ನು ಹೇಳಿ. ‘ಗೊತ್ತಿದ್ದೂ ಯಾಕೆ ಸುಮ್ಮನಿದ್ದಿರಿ?’ ಎಂದು ನ್ಯಾಯಾಧೀಶರು ಕೇಳುವ ಮೊದಲು ನಿಮ್ಮನ್ನು ನೀವೇ ಕೇಳಿಕೊಳ್ಳಿ. ಇವತ್ತು ಕೇಳಿಕೊಂಡರೆ, ಯಾರದೋ ಕೈ ಉಳಿದೀತು.