ಅಲಮೇಲು ಟೀಚರ್‌ಗೆ ಜಡೆ

"ಬಾಚಣಿಗೆ ಇಲ್ಲಿ ಕೊಡು," ಎಂದು ಪುಟ್ಟಲಕ್ಷ್ಮಿ ಅಂಜಮ್ಮನ ಕೈಯಿಂದ ಅದನ್ನು ಕಿತ್ತುಕೊಂಡಳು. "ನಮ್ಮಮ್ಮನ ತಲೆ ನಾನು ಬಾಚ್ತೀನಿ."

ಅಲಮೇಲು ಟೀಚರ್‌ಗೆ ಕೊನೆಯ ಸ್ನಾನ ಆಗಿತ್ತು. ಅತ್ತಿಗುಪ್ಪೆಯ ಆ ಸಣ್ಣ ಮನೆಯಲ್ಲಿ ಹೆಂಗಸರು ಕಿಕ್ಕಿರಿದಿದ್ದರು. ಅರ್ಧಕ್ಕರ್ಧ ಅವರ ಹಳೆಯ ವಿದ್ಯಾರ್ಥಿನಿಯರೇ. ಅಂಜಮ್ಮ ಅವರಲ್ಲಿ ಮೊದಲನೆಯವಳು, ಈಗ ಟೀಚರ್ ಕಟ್ಟಿದ ಶಾಲೆಯಲ್ಲೇ ಪಾಠ ಹೇಳುತ್ತಿದ್ದಳು. ಬೆಳಗಿನಿಂದ ಮನೆಮಗಳ ಹಾಗೆ ಓಡಾಡುತ್ತಿದ್ದವಳೂ ಅವಳೇ. ಅದನ್ನು ನೋಡಿ ನೋಡಿ ಹೆತ್ತ ಮಗಳಿಗೆ ಮೈಯೆಲ್ಲ ಉರಿಯುತ್ತಿತ್ತು.

"ಗಂಟು ಹಾಕಿ ಬಿಡೇ, ಹೊತ್ತಾಯ್ತು," ಎಂದರು ದೊಡ್ಡಮ್ಮ.

"ಆಗಲ್ಲ. ಜಡೇನೇ ಹಾಕ್ತೀನಿ. ಊರಿನ ಮಕ್ಕಳಿಗೆಲ್ಲ ಹಾಕಿದಾಳಲ್ಲ!"

ಹೇಳಿದ್ದೇನೋ ಹೇಳಿದಳು. ಕೂದಲನ್ನು ಮೂರು ಕಾಲು ಮಾಡಿ ಹೆಣೆಯಹೋದರೆ ಬೆರಳಿಗೆ ಬೆರಳೇ ಸಿಕ್ಕಿಕೊಂಡಿತು.

*

ಆ ಶಾಲೆ ಶುರುವಾದದ್ದೇ ಬಾಚಣಿಗೆಯಿಂದ. ಅರವತ್ತಾರನೇ ಇಸವಿಯಲ್ಲಿ, ರಾಜಾಜಿನಗರದ ಶಾಲೆಯೊಂದರಲ್ಲಿ ಬೆತ್ತ ಹಿಡಿಯಲಾರೆ ಎಂದು ಕೆಲಸ ಬಿಟ್ಟ ಅಲಮೇಲು, ತಗಡಿನ ಶೆಡ್ಡೊಂದರಲ್ಲಿ ಊದುಬತ್ತಿ ಹೊಸೆಯುವವರ ಹೆಣ್ಣುಮಕ್ಕಳನ್ನು ಕೂರಿಸಿಕೊಂಡರು. ಪರೀಕ್ಷೆ ಇಲ್ಲ, ರ‍್ಯಾಂಕ್ ಇಲ್ಲ. "ಆಟ ಆಡ್ಸೋಕೆ ಸ್ಕೂಲ್ ಯಾಕ್ರೀ?" ಎಂದು ಜನ ನಕ್ಕರು. ತಲೆ ಕೆದರಿಕೊಂಡು ಬಂದವರಿಗೆ ಟೀಚರ್ ಮೊದಲು ಎಣ್ಣೆ ಹಚ್ಚಿ ಜಡೆ ಹಾಕುತ್ತಿದ್ದರು. ಆಮೇಲೆ ಹುಡುಗಿಯರೇ ಒಬ್ಬರಿಗೊಬ್ಬರು ಹಾಕಬೇಕು. ಜಡೆ ಕಲಿತ ಬೆರಳಿಗೆ ಅಕ್ಷರ ಭಾರವಲ್ಲ ಎನ್ನುವುದು ಅವರ ನಂಬಿಕೆ.

ಎಲ್ಲರದೂ ಮುಗಿಯುವಷ್ಟರಲ್ಲಿ ಪಾಠದ ಹೊತ್ತಾಗುತ್ತಿತ್ತು. "ನಂಗೆ?" ಎಂದು ಪುಟ್ಟಲಕ್ಷ್ಮಿ ಒಮ್ಮೆ ಕೇಳಿದಳು.

"ನಿಂಗೆ ಕ್ರಾಪ್ ಹೊಡೆಸ್ಬಿಡೋಣ ಕಣೇ. ನಿಂಗೂ ಸುಲಭ, ನಂಗೂ ಸುಲಭ."

ಕ್ಷೌರದಂಗಡಿಯಲ್ಲಿ ಅವಳಿಗೆ ನೆನಪಾದದ್ದು ಅಂಜಮ್ಮನ ಮೊಳದುದ್ದದ ಜಡೆ. ಅಲ್ಲಿಂದಾಚೆ ಪುಟ್ಟಲಕ್ಷ್ಮಿ ಉದ್ದ ಕೂದಲು ಬಿಡಲೇ ಇಲ್ಲ, ಅಮ್ಮನಿಗೆ ಚುರುಕ್ಕೆನ್ನಲಿ ಎಂಬ ಹಟಕ್ಕೆ. ಅಮ್ಮ ಗಮನಿಸಲೂ ಇಲ್ಲ.

*

ಮತ್ತೆ ಮತ್ತೆ ಹೆಣೆದರೂ ಜಡೆ ಬಿಚ್ಚಿಕೊಂಡಿತು. ಹೊರಗೆ ಚಟ್ಟ ಸಿದ್ಧವಾಗಿತ್ತು. "ಆಯ್ತೇನಮ್ಮಾ?" ಎಂದು ಅಪ್ಪ ಪದ್ಮನಾಭ ಬಾಗಿಲಲ್ಲಿ ನಿಂತು ಕೇಳಿದರು.

"ಅಂಜಮ್ಮಂಗೆ ಕೊಡೇ, ಚಿಟಿಕೆ ಹೊಡೆಯೋದ್ರಲ್ಲಿ ಹಾಕ್ತಾಳೆ," ಎಂದರು ದೊಡ್ಡಮ್ಮ.

"ಅವಳು ಮುಟ್ಟಕೂಡ್ದು!" ಪುಟ್ಟಲಕ್ಷ್ಮಿಯ ದನಿ ಒಡೆಯಿತು. "ಇದ್ದಷ್ಟು ದಿನ ಅಮ್ಮ ಇವರಿಗೇ ಆದ್ಲು. ಇವತ್ತೊಂದಿನ ನಂಗೆ ಬಿಡಿ."

ಅಂಜಮ್ಮ ಬಂದು ಅವಳ ಮುಂದೆ ಬೆನ್ನು ಮಾಡಿ ಕುಳಿತಳು. ತನ್ನ ಜಡೆ ಬಿಚ್ಚಿ ಕೂದಲನ್ನು ಬೆನ್ನ ಮೇಲೆ ಹರಡಿದಳು.

"ಟೀಚರ್‌ನ ನಾನು ಮುಟ್ಟಲ್ಲ ಅಕ್ಕ. ಮೊದ್ಲು ಇದ್ರಲ್ಲಿ ಕಲೀರಿ. ಬಲಗಡೇದು ಮಧ್ಯಕ್ಕೆ ತನ್ನಿ."

ಪುಟ್ಟಲಕ್ಷ್ಮಿ ಆ ದಪ್ಪ ಕೂದಲನ್ನು ಮುಷ್ಟಿಯಲ್ಲಿ ಹಿಡಿದಳು. ಬಲಗಡೆಯದನ್ನು ಮಧ್ಯಕ್ಕೆ ತಂದಳು, ಬೇಕೆಂದೇ ಜಗ್ಗಿ. ಅಂಜಮ್ಮನ ತಲೆ ಹಿಂದಕ್ಕೆ ವಾಲಿತು, ಕಣ್ಣಲ್ಲಿ ನೀರು ತುಂಬಿತು.

"ಹೂಂ," ಎಂದಳು. "ಈಗ ಎಡಗಡೇದು."

ಪುಟ್ಟಲಕ್ಷ್ಮಿ ಇನ್ನೂ ಬಲವಾಗಿ ಜಗ್ಗಿದಳು.