ಒಂದೇ ಚೊಂಬಿನ ಮದುವೆ

ಫ್ಯಾನಿನ ರೆಕ್ಕೆಗೆ ಅಂಟಿಕೊಂಡ ಜೇಡರ ಬಲೆಯ ಎಳೆಯೊಂದು ಸುತ್ತುತ್ತಲೇ ಇತ್ತು, ಹರಿಯದು, ಬೀಳದು, ಅದರ ಕೆಳಗೇ ಜಡ್ಜಮ್ಮನ ಬೈತಲೆ, ಬೈತಲೆಯ ಪಕ್ಕ ನಾಲ್ಕು ಬಿಳಿ ಕೂದಲು — ನಾಲ್ಕು, ಇಲ್ಲಿಯೂ ನಾಲ್ಕೇ — ಪ್ರೇಮಲೀಲಾ ಕಣ್ಣು ಕೆಳಗಿಳಿಸಿದಳು. ಈ ಕೋರ್ಟಿಗೆ ಬಂದದ್ದು ಇದು ಏಳನೆಯ ಸಲ, ಬಂದಾಗಲೆಲ್ಲ ಇದೇ ಬೆಂಚು, ಇದೇ ತುದಿ, ಹದಿಮೂರನೆಯ ವಯಸ್ಸಿಗೆ ಆದ ಮದುವೆ ಆಗಲೇ ಇಲ್ಲವೆಂದು ಬರೆದುಕೊಡಿ ಎಂದು ಬೇಡುವುದು. ವಿಚ್ಛೇದನ ಅಲ್ಲ ಕಣಮ್ಮ, ಅದು ಆದದ್ದನ್ನ ಮುರಿಯೋದು, ಇದು ಆಗೇ ಇಲ್ಲ ಅನ್ನಿಸೋದು, ಅಂದಿದ್ದರು ಲಾಯರು, ಅವಳಿಗೆ ಮೈ ಜುಂ ಎಂದಿತ್ತು, ಹಿಂದಕ್ಕೆ ಹೋಗಿ ಒಂದು ದಿನವನ್ನೇ ಒರೆಸಿಬಿಡುವ ಕಾಗದ, ಅಂಥದ್ದೂ ಇರುತ್ತದೆಯೇ ಲೋಕದಲ್ಲಿ, ಹಾಗಾದರೆ ಆ ದಿನ ಉಟ್ಟಿದ್ದ ಸೀರೆ, ಅರಿಶಿನದ ನೂಲು, ಅವ್ವ ಬಿಟ್ಟ ಉಸಿರು — ಎಲ್ಲ ಎಲ್ಲಿಗೆ ಹೋಗುತ್ತವೆ.

ಈ ಕಾಗದ ಕೇಳಿದವರು ಚೆನ್ನೈನಲ್ಲಿ ಕೂತ ಜಪಾನಿನ ವೀಸಾ ಆಫೀಸಿನವರು, ಅವಳ ಮುಖ ಕಂಡು ಅರಿಯದವರು. ಮಕೊತೊ ಆ ದೇಶದವನು, ಬೀಟೆ ಮರದಲ್ಲಿ ಚಿತ್ರ ಕೂರಿಸುವ ಕುಸುರಿ ಕಲಿಯಲು ಅಶೋಕಪುರಂನ ಕಾರ್ಖಾನೆಗೆ ಬಂದವನು, ಅಲ್ಲಿ ಅವಳು ಹಲಗೆ ಉಜ್ಜಿ ಪಾಲಿಶ್ ಹಾಕುವವಳು, ಎಲ್ಲರೂ ಅವನನ್ನು ಮಾಕಣ್ಣ ಮಾಡಿಬಿಟ್ಟಿದ್ದರು, ಏನ್ ಮಾಕಣ್ಣ, ಮುದ್ದೆ ನುಂಗಿದ್ಯಾ ಇಲ್ಲ ಅಗಿದ್ಯಾ — ಅವನು ಅಗಿದೇ ತಿನ್ನುತ್ತಿದ್ದ, ನಗುತ್ತಿದ್ದ. ಎರಡು ವರ್ಷ ಒಂದೇ ಕಿಟಕಿಯ ಬೆಳಕಿನಲ್ಲಿ ಕೂತರು, ಅವಳು ಉಜ್ಜಿದ ಹಲಗೆಯ ಮೇಲೆ ಅವನು ಕೆನ್ನೆಯಿಟ್ಟು ನುಣುಪು ನೋಡುತ್ತಿದ್ದ, ಒಂದು ದಿನ ಕೆನ್ನೆ ಎತ್ತದೆಯೇ ಕೇಳಿದ, ಬರ್ತೀರಾ ನಮ್ಮೂರಿಗೆ. ಅವಳು ಹಲಗೆ ಉಜ್ಜುತ್ತಲೇ ಇದ್ದಳು, ಮಾರನೆಯ ದಿನ ಹೂಂ ಅಂದಳು. ಅಷ್ಟರಲ್ಲಿ ಅವನ ವೀಸಾ ಮುಗಿಯಿತು, ಇರುವ ಹಾಗಿಲ್ಲ, ಹೋದ, ಅವಳು ಹೋಗುವ ಹಾಗಿಲ್ಲ, ಉಳಿದಳು. ಅವನ ಹೆಂಡತಿಯಾಗಿ ಹೋಗುವ ವೀಸಾಕ್ಕೆ ಹುಟ್ಟಿದ ದಿನದ ಪುರಾವೆ ಬೇಕು ಅಂದರು ಚೆನ್ನೈನವರು, ಅವಳ ಹತ್ತಿರ ಇದ್ದದ್ದು ಇಲವಾಲದ ಶಾಲೆಯ ಒಂದು ಟಿ.ಸಿ., ಅದರಲ್ಲಿ ಹುಟ್ಟಿದ ತಾರೀಖಿನ ಕೆಳಗೇ ಹೆಡ್‌ಮೇಷ್ಟ್ರ ಮುತ್ತಿನಂಥ ಅಕ್ಷರ, ಶಾಲೆ ಬಿಟ್ಟ ಕಾರಣ: ಮದುವೆ. ಚೆನ್ನೈನ ಕಿಟಕಿಯಾಚೆ ಕೂತ ಹೆಂಗಸು ಆ ಒಂದು ಪದದ ಮೇಲೆ ಬೆರಳಿಟ್ಟಳು, ತೆಗೆಯಲಿಲ್ಲ. ಹದಿಮೂರು ವರ್ಷ ಪೆಟ್ಟಿಗೆಯ ತಳದಲ್ಲಿದ್ದ ಪದ ಎರಡು ದೇಶದ ನಡುವೆ ಎದ್ದು ನಿಂತಿತು.

ಸೋದರಮಾವ ರೇವಣಸಿದ್ದ ಎರಡು ಬೆಂಚು ಹಿಂದೆ ಕೂತಿದ್ದಾನೆ, ಪಕ್ಕದಲ್ಲಿ ಹೆಂಡತಿ, ಮಡಿಲಲ್ಲಿ ಎಳೆಗೂಸು, ತಾಳಿ ಕಟ್ಟಿದವನು ಅವನೇ, ಕಟ್ಟಿದ ದಿನವೇ ಅವ್ವ ಹೋದಳು, ಸೂತಕ ಕಳೀಲಿ ಅಂದರು, ಹುಡುಗಿ ದೊಡ್ಡವಳಾಗ್ಲಿ ಅಂದರು, ಅಷ್ಟರಲ್ಲಿ ಅವನಿಗೆ ಬಸ್ ಕಂಡಕ್ಟರ್ ಕೆಲಸ ಸಿಕ್ಕಿತು, ಕೊಳ್ಳೇಗಾಲದ ಕಡೆ ಹುಡುಗಿ ಸಿಕ್ಕಿದಳು, ಅಜ್ಜಿ ತಾಳಿ ಬಿಚ್ಚಿ ದೇವರ ಗೂಡಿನಲ್ಲಿಟ್ಟಳು, ಯಾರೂ ಏನೂ ಕೇಳಲಿಲ್ಲ. ಗಂಡಸಿಗೆ ಯಾವ ಕಾಗ್ದ ಕೇಳಿದ್ರು ಬುಡು, ಅನ್ನುತ್ತಾಳೆ ಅಜ್ಜಿ. ಈಗ ಆ ಮದುವೆ ಆದದ್ದೇ ಎಂದರೆ ಮಾವನ ಈ ಹೆಂಡತಿ ಯಾರು, ಆ ಮಗು ಯಾರದು, ಅದಕ್ಕೇ ಅವನೂ ಗೋಣು ಬಗ್ಗಿಸಿ ಕೂತಿದ್ದಾನೆ, ಮಗು ಮಾತ್ರ ಫ್ಯಾನು ನೋಡುತ್ತಿದೆ, ಅದಕ್ಕೂ ಜೇಡರ ಎಳೆ ಕಂಡಿರಬೇಕು. ಸಾಕ್ಷಿ ಕಟ್ಟೆಯಲ್ಲಿ ಮಹದೇವಯ್ಯನವರು, ಆ ಮದುವೆ ಮಾಡಿಸಿದ ಅಯ್ಯನವರು, ಎಂಬತ್ತು ದಾಟಿದೆ, ಇಲವಾಲದಿಂದ ಬಸ್ಸಿನಲ್ಲಿ ನಿಂತು ಬಂದಿದ್ದಾರೆ, ಹಣೆಯ ವಿಭೂತಿ ಬೆವರಿಗೆ ಹುಬ್ಬಿಗಿಳಿದಿದೆ. ನಮ್ಮಲ್ಲಿ ಪಂಚಕಳಸ ಇಡದೆ ಮದುವೆ ಇಲ್ಲ ತಾಯಿ, ನಾಲ್ಕು ಮೂಲೆಗೆ ನಾಲ್ಕು ಚೊಂಬು, ನಡುವೆ ಒಂದು, ಐದಕ್ಕೂ ನೂಲು ಸುತ್ತಬೇಕು, ಆವತ್ತು ನಾನು ಇಟ್ಟಿದ್ದು ಒಂದೇ, ಸಾಯೋ ಜೀವದ ಮುಖ ನೋಡಿ ಕಟ್ಟಿಸ್ಬುಟ್ಟೆ. ಅರವತ್ತು ವರ್ಷ ಮದ್ವೆ ಮಾಡಿಸಿದೀನಿ, ಇದೊಂದನ್ನ ಮಾಡಿಸ್ಲಿಲ್ಲ. ಇಷ್ಟು ದೊಡ್ಡವರು ಇಷ್ಟು ಜನರೆದುರು ತಪ್ಪು ತಮ್ಮದೆನ್ನುತ್ತಿದ್ದಾರೆ, ಅವಳಿಗೆ ಎದ್ದು ಹೋಗಿ ಕಾಲು ಹಿಡಿಯಬೇಕೆನ್ನಿಸಿತು, ಏಕೆಂದರೆ ತಪ್ಪು ಅವರದಲ್ಲ.

ಅವಳನ್ನು ಕರೆದರು, ನಿಂತಳು, ಕಟ್ಟೆಯ ಮರ ಒರಟು, ಯಾರೂ ಉಜ್ಜಿಲ್ಲ, ಬೆರಳು ತಾನಾಗಿ ಎಳೆಯ ಜಾಡು ಹಿಡಿದು ಓಡಿತು. ನಾಲ್ಕು ಚೊಂಬು ಯಾಕೆ ಸಿಗಲಿಲ್ಲ, ಜಡ್ಜಮ್ಮನ ದನಿ ಮೆತ್ತಗಿತ್ತು. ಅಕ್ಕಪಕ್ಕದ ಮನೆ ಬೀಗ ಹಾಕಿದ್ವು ಅಂತ ಅಷ್ಟೇ ಹೇಳಿ, ಹೆಚ್ಚು ಹೇಳಿದ್ರೆ ಕಟ್ಟಿದ ಕಥೆ ಅಂದ್ಕೋತಾರೆ, ವೀಸಾನೂ ಇಲ್ಲ ಏನೂ ಇಲ್ಲ, ಅಂದಿದ್ದರು ಲಾಯರು. ಬೀಗ — ಯಾವ ಬೀಗ, ಪಕ್ಕದ ಸಾಕಮ್ಮನವರ ಮನೆ ಬಾಗಿಲು ತೆರೆದೇ ಇತ್ತು, ಒಳಗೆ ಒಗ್ಗರಣೆಯ ವಾಸನೆ, ಚೊಂಬು ತರಲು ಕಳಿಸಿದಾಗ ಅವಳು ಹೊಸ್ತಿಲ ತನಕ ಹೋಗಿ ನಿಂತಿದ್ದಳು, ನನ್ನ ಮದುವೆಗೆ ಚೊಂಬು ಕೊಡಿ ಎಂದು ಹೇಗೆ ಕೇಳುವುದು, ನಾಲಿಗೆ ಏಳಲಿಲ್ಲ, ನಾಚಿಕೆ, ಬರೀ ನಾಚಿಕೆ, ತಿರುಗಿ ಬಂದು ಎಲ್ಲ ಬೀಗ ಅಂದಳು. ಒಂದು ಹುಡುಗಿಯ ನಾಚಿಕೆ ಸಮುದ್ರದಾಚೆಯ ದೇಶದ ಬಾಗಿಲು ತೆರೆಯಬಹುದೇ. ಬೀಗ ಇರ್ಲಿಲ್ಲ ಅಮ್ಮಾವ್ರೇ, ಅಂದಳು, ದನಿ ತನ್ನದೇ ಎಂದು ನಂಬದೆ, ನಾನೇ ಕೇಳ್ಲಿಲ್ಲ. ಲಾಯರು ಕೈಯಲ್ಲಿದ್ದ ಪೆನ್ನು ಕೆಳಗಿಟ್ಟರು. ಮಾವನ ಹೆಂಡತಿ ಮಗುವನ್ನು ಎದೆಗವಚಿಕೊಂಡಳು. ನಿಮ್ಮ ಮನೆಯಲ್ಲೇ ಬೇರೆ ಚೊಂಬು ಇರಲಿಲ್ಲವೇನಮ್ಮ, ಕೇಳಿದರು ಜಡ್ಜಮ್ಮ, ಇರಲಿಲ್ಲ ಎಂದು ಅಯ್ಯನವರೇ ತಲೆಯಾಡಿಸಿದರು, ನಾನು ಕೇಳಿದೆ ತಾಯಿ, ಮಲಗಿದ್ದ ಇವಳವ್ವ ಸುಂದರಮ್ಮನ್ನೇ ಕೇಳಿದೆ, ಇಲ್ಲ ಅಂತ ಕತ್ತು ಅಲ್ಲಾಡಿಸಿದ್ಲು.

ಇದ್ವು, ಅಂದಳು ಪ್ರೇಮಲೀಲಾ.

ಆಮೇಲೆ ಕೇಳಿಸಿದ್ದು ಟೈಪ್‌ರೈಟರಿನ ಸದ್ದು, ಜಡ್ಜಮ್ಮ ಹೇಳಿ ಬರೆಸುತ್ತಿದ್ದರು, ಚೊಂಬು ಎಲ್ಲಿಯೇ ಇರಲಿ, ಯಾರೇ ಕೇಳದಿರಲಿ, ಇಟ್ಟದ್ದು ಒಂದೇ ಕಳಸ, ವಿಧಿ ಪೂರ್ತಿಯಾಗಿಲ್ಲ, ಮದುವೆ ಆಗಿಲ್ಲ — ಟಕ ಟಕ, ಒಂದು ದಿನ ಒರೆಸಿಹೋಗುವ ಸದ್ದು ಇಷ್ಟೇ ಸಣ್ಣದು, ಆ ಕಾಗದ ಚೆನ್ನೈಗೆ ಹೋಗುತ್ತದೆ, ಮಕೊತೊನ ಊರಿನಲ್ಲಿ ಹಿಮ ಬೀಳುತ್ತಿದೆಯಂತೆ, ಕಾಗದದಲ್ಲಿ ಬರೆದಿದ್ದ, ಹಿಮ ಸದ್ದು ಮಾಡುವುದಿಲ್ಲವಂತೆ, ಅಯ್ಯನವರು ಮುಖ ಒರೆಸಿಕೊಳ್ಳುತ್ತಿದ್ದಾರೆ, ಅಲ್ಲ, ಒರೆಸಿಹೋಗುವುದಿಲ್ಲ, ಒಂದು ಒರೆಸಿಹೋಗುವುದಿಲ್ಲ, ಅವ್ವ ಹೋದ ಹನ್ನೊಂದನೆಯ ದಿನ ಅವಳ ಹಾಸಿಗೆ ಒಗೆಯಲೆಂದು ಎಳೆದಾಗ ಮಂಚದ ಕೆಳಗೆ ಕೈಗೆ ತಾಗಿದ ಗಂಟು, ಅವ್ವನ ಧಾರೆ ಸೀರೆಯ ಹರಕಿನಲ್ಲಿ ಕಟ್ಟಿದ್ದು, ಐದು ಚೊಂಬಿನ ಸೆಟ್ಟು ಅದು, ಒಂದು ಮಾತ್ರ ನೀರು ಕುಡಿಯಲು ಹೊರಗಿತ್ತು, ಮಿಕ್ಕವು ಅಲ್ಲೇ ಇದ್ದವು, ಅಯ್ಯನವರು ಕೇಳುವಾಗಲೂ ಅವ್ವ ಅವುಗಳ ಮೇಲೆಯೇ ಮಲಗಿದ್ದಳು, ಮಗಳ ಮುಖ ನೋಡುತ್ತ ಇಲ್ಲ ಎಂದು ಕತ್ತು ಅಲ್ಲಾಡಿಸಿದ್ದಳು, ಮರೆತೋ, ಜ್ವರಕ್ಕೋ, ಇಲ್ಲಾ — ಅವ್ವ — ಮಂಚದ ಕೆಳಗೆ, ಕತ್ತಲಲ್ಲಿ, ಒಂದಕ್ಕೊಂದು ಒರಗಿಕೊಂಡ ನಾಲ್ಕು ಚೊಂಬು.