ನಗುವವರೆಗೆ ಬೆಳಕು

ಕೋಟಿನ ಕಂಕುಳಿಗೆ ಮೂಗು ತಾಗಿದ್ದೇ ತಡ, ಡೆಸ್ಮಂಡ್ ಮುಖ ಹಿಂದಕ್ಕೆಳೆದುಕೊಂಡ. ಇಪ್ಪತ್ತು ವರ್ಷದ ಹಳೇ ಬೆವರು, ಕಮಟು ಹಿಡಿದ ಬೆಣ್ಣೆ, ಯಾರದೋ ತುಟಿಯ ಬಣ್ಣ, ಎಲ್ಲ ಸೇರಿ ಆ ಬಟ್ಟೆಯೊಳಗೆ ಸಂಸಾರ ಹೂಡಿದ್ದವು.

"ಒಗ್ಸಿಲ್ವಾ ಇದನ್ನ?"

"ಒಗದ್ರೆ ನಿನ್ನ ವಾಸ್ನೆ ಹೋಗ್ಬಿಡ್ತಿತ್ತಲ್ಲೋ ಬಟ್ಲರ್!" ಮಾರ್ಗೋ ಅವನ ಬೆನ್ನಿಗೆ ಗುದ್ದಿದಳು. ಅರವತ್ತೆರಡರ ಆಕೆ ಮದುಮಗಳ ಗೌನಿನೊಳಗೆ ಉಸಿರು ಬಿಗಿಹಿಡಿದು ನಿಂತಿದ್ದಳು. ಹಿಂದೆ ಹುಕ್ಕುಗಳ ಜಾಗದಲ್ಲಿ ಒಂಬತ್ತು ಸೇಫ್ಟಿಪಿನ್ನುಗಳಿದ್ದವು.

ಅಮೆರಿಕದ ಟೊಲೆಡೊ ಊರಿನ ಲೂನಾ ಥಿಯೇಟರಿನಲ್ಲಿ ಒಂದು ಕಾಲಕ್ಕೆ ಪ್ರತಿ ಶನಿವಾರ ಒಂದೇ ಸಿನಿಮಾ. ಭೂತವೊಂದು ಮದುವೆಯಾಗುವ, ಬಂದ ವಾರವೇ ನೆಲಕಚ್ಚಿದ ಚಿತ್ರ. ಅದನ್ನು ಈ ಊರಿನ ಕೆಲವರು ಎತ್ತಿ ಮುದ್ದಾಡಿದ್ದರು. ಮೇಲೆ ಚಿತ್ರ ಓಡುತ್ತಿದ್ದಂತೆ ಕೆಳಗೆ ವೇದಿಕೆಯಲ್ಲಿ ಮಾರ್ಗೋ, ಡೆಸ್ಮಂಡ್ ಮತ್ತವರ ತಂಡ ಅದೇ ವೇಷ ತೊಟ್ಟು ಅದೇ ಮಾತಿಗೆ ತುಟಿ ಆಡಿಸುವುದು. ಪ್ರೇಕ್ಷಕರು ಪ್ರತಿ ಮಾತಿಗೂ ಎದುರುತ್ತರ ಕೂಗಿ ಒದ್ದೆ ಬ್ರೆಡ್ಡು ಎಸೆಯುವುದು. ಪರದೆಯ ಕೆಳಗಿನ ಈ ಪರದೇಶಿಗಳಿಗೆ ಅದೇ ಸ್ವರ್ಗ.

ಚಿತ್ರಕ್ಕೆ ಮುಂಚೆ ಒಂದು ಶಾಸ್ತ್ರವಿತ್ತು. ಮೊದಲ ಸಲ ಬಂದವರ ಹಣೆಗೆ ಲಿಪ್‌ಸ್ಟಿಕ್ ಬಳಿದು ವೇದಿಕೆ ಹತ್ತಿಸುತ್ತಿದ್ದರು. ಬಟ್ಲರ್ ವೇಷದ ಡೆಸ್ಮಂಡ್ ಅವರ ನಡಿಗೆ, ದನಿ, ಮೂಗು ಸೀಟುವ ರೀತಿ, ಯಾವುದನ್ನೂ ಬಿಡದೆ ಅಣಕಿಸುತ್ತಿದ್ದ. ಅವರು ನಗುವವರೆಗೆ ದೊಡ್ಡ ದೀಪ ಅವರ ಮುಖದಿಂದ ಕದಲುವಂತಿಲ್ಲ. ನಕ್ಕರೆ ದೀಪ ಆರಿತು, ಅವರು ನಮ್ಮವರಾದರು.

ಹಾಗೆ ಹತ್ತಿದವನು ಎಲ್ಬರ್ಟ್. ಹೆಸರು ಕೇಳಿದರೆ "ಎ... ಎ..." ಎಂದು ಅಲ್ಲೇ ನಿಂತ. ಡೆಸ್ಮಂಡನಿಗೆ ಹಬ್ಬ. ಏಳು ನಿಮಿಷ ಅವನಂತೆಯೇ ಉಗ್ಗಿ ತೋರಿಸಿದ. ದವಡೆ ನಡುಗುವುದು, ಕಣ್ಣು ಮುಚ್ಚಿಕೊಳ್ಳುವುದು, ತೊಡೆಗೆ ಗುದ್ದಿಕೊಂಡು ಮಾತನ್ನು ಹೊರದಬ್ಬುವುದು, ಎಲ್ಲ ತದ್ರೂಪ. ಕೊನೆಗೆ ಎಲ್ಬರ್ಟ್ ನಕ್ಕ, ಇಡೀ ಥಿಯೇಟರಿಗಿಂತ ಜೋರಾಗಿ. ಅವನ ಜೊತೆ ಬಂದಿದ್ದ ಹುಡುಗಿ ಅಷ್ಟರಲ್ಲಿ ಎದ್ದು ಹೋಗಿದ್ದಳು.

ಮುಂದಿನ ಶನಿವಾರ ಅವನು ಒಬ್ಬನೇ ಬಂದ. ಬರುತ್ತಲೇ ಇದ್ದ. ಬಾಲ್ಕನಿಯ ದೊಡ್ಡ ದೀಪ ಅವನ ಕೈಗೆ ಬಂತು. ಅದಕ್ಕೆ ಮಾತು ಬೇಕಿರಲಿಲ್ಲ. ಹೊಸಬರಿಲ್ಲದ ವಾರ ಡೆಸ್ಮಂಡ್ ಅವನನ್ನೇ ಅಣಕಿಸುತ್ತಿದ್ದ. ಯಾರಾದರೂ ಮುಖ ಕಿವುಚಿದರೆ, "ಅವನೇ ನಗ್ತಿದಾನೆ, ನಿಮ್ಗೇನ್ರೀ ನೋವು?" ಎನ್ನುತ್ತಿದ್ದ.

ಆ ಆಟ ಬಿಟ್ಟು, ಬೇರೆ ಊರು ಸೇರಿ ಇಪ್ಪತ್ತು ವರ್ಷವಾಗಿದ್ದ ಡೆಸ್ಮಂಡನಿಗೆ ಕಳೆದ ಚಳಿಗಾಲದಲ್ಲಿ ಸಣ್ಣಗೆ ಲಕ್ವ ಹೊಡೆಯಿತು. ಕೈಕಾಲು ಸರಿಹೋದವು, ನಾಲಿಗೆ ಅರ್ಧ ಮಾತ್ರ. ಚಿಕ್ಕ ಮಾತು ಹೇಗೋ ಬರುತ್ತದೆ, ಉದ್ದದ್ದು ಗಂಟಲಲ್ಲೇ ಕೂತುಬಿಡುತ್ತದೆ. ಬೇಕರಿಯಲ್ಲಿ ಅವನು ಡೋನಟ್ ಕೇಳಲು ಒದ್ದಾಡುವಾಗ ಕೌಂಟರಿನ ಹುಡುಗಿ ನಗು ತಡೆಯಲು ತುಟಿ ಕಚ್ಚಿಕೊಂಡಳು. ಅವಳಿಗಿಂತ ಮೊದಲು ಅವನೇ ನಕ್ಕುಬಿಟ್ಟ, ಅಂಗಡಿಯೆಲ್ಲ ತಿರುಗಿ ನೋಡುವಷ್ಟು ಜೋರಾಗಿ. ಆ ನಗು ಯಾರದೆಂದು ಗುರುತು ಸಿಕ್ಕಿದ್ದು ಕಾರಿನೊಳಗೆ. ಬಾಗಿಲು ತೆರೆದು ರಸ್ತೆಗೆ ವಾಂತಿ ಮಾಡಿಕೊಂಡ.

ಥಿಯೇಟರ್ ಕೆಡವುತ್ತಾರೆ, ಭಾನುವಾರ ಮಧ್ಯಾಹ್ನ ಕೊನೆಯ ಆಟ, ಬಾ ಎಂದು ಮಾರ್ಗೋ ಬರೆದಾಗ ಅವನು ಒಪ್ಪಿದ್ದು ಒಂದೇ ಕಾರಣಕ್ಕೆ. ಅಣಕಿಸಿದ ಜಾಗದಲ್ಲೇ, ಅಷ್ಟೂ ಜನರ ಮುಂದೆ, ಎಲ್ಬರ್ಟನ ಕ್ಷಮೆ ಕೇಳಬೇಕು. ಲಕ್ವದ ಸಂಗತಿ ಇಲ್ಲಿ ಯಾರಿಗೂ ಗೊತ್ತಿರಲಿಲ್ಲ. ಎರಡು ವಾರ ಕನ್ನಡಿಯ ಮುಂದೆ ಒಂದೇ ವಾಕ್ಯ ಉರುಹೊಡೆದಿದ್ದ.

"ಎಲ್ಬರ್ಟ್?"

"ಮೇಲಿದಾನೆ, ದೀಪದ ಹತ್ರ. ನೀನ್ ಬರ್ತೀಯ ಅಂದ್ಮೇಲೆ ತಪ್ಪಿಸ್ಕೋತಾನಾ? ನಡಿ ನಡಿ, ಜನ ಕುರ್ಚಿ ಮುರೀತಿದಾರೆ!"

ವೇದಿಕೆಯ ಹಲಗೆ ಜಿಗುಟಾಗಿ ಬೂಟನ್ನು ಹಿಡಿದು ಹಿಡಿದು ಬಿಟ್ಟಿತು. ಬೆಳಕು ಮುಖಕ್ಕೆ ಬಡಿಯಿತು. ಕೆಳಗೆ ನರೆತ ತಲೆಗಳು, ಸುಕ್ಕುಹಣೆಗಳಿಗೆ ತಾವೇ ಬಳಿದುಕೊಂಡ ಲಿಪ್‌ಸ್ಟಿಕ್.

"ಎಲ್ಬರ್ಟ್ ಮಾಡೋ, ಎಲ್ಬರ್ಟ್!" ಹಿಂದಿನ ಸಾಲು ಕೂಗಿತು.

ಡೆಸ್ಮಂಡ್ ಕೈ ಎತ್ತಿದ. ಥಿಯೇಟರಿನ ಸದ್ದಡಗಿತು.

"ಎಲ್ಬರ್ಟ್, ನಾನು ನಿನ್ನ ಕ್ಷ... ಕ್ಷ..."

ದವಡೆ ನಡುಗಿತು. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಮುಷ್ಟಿ ತೊಡೆಗೆ ಬಿತ್ತು, ಮತ್ತೊಮ್ಮೆ ಬಿತ್ತು. ಮಾತು ಹೊರಡಲಿಲ್ಲ.

ಇಡೀ ಥಿಯೇಟರ್ ಬಿದ್ದು ಬಿದ್ದು ನಕ್ಕಿತು.

"ಅದೇ! ಅದೇ! ಒಂಚೂರೂ ಮಾಸಿಲ್ಲ ಮಾರಾಯ!"

"ತೊಡೆ ಗುದ್ಕೊಳ್ಳೋದು ನೋಡ್ರೋ!"

"ಅಲ್ಲ... ನಿ... ನಿಜ..."

"ನಿ-ನಿ-ನಿಜ!" ನೂರು ಬಾಯಿ ಒಟ್ಟಿಗೆ ಎದುರುತ್ತರ ಕೊಟ್ಟವು. ಒದ್ದೆ ಬ್ರೆಡ್ಡಿನ ತುಂಡೊಂದು ಹಾರಿಬಂದು ಅವನ ಕೊರಳಿಗೆ ಅಂಟಿ, ತಣ್ಣಗೆ ಕಾಲರಿನೊಳಗೆ ಜಾರಿತು.

ಆಗ ಎಲ್ಲ ಸದ್ದನ್ನೂ ಮೀರಿ ಬಾಲ್ಕನಿಯಿಂದ ಒಂದು ನಗು ಎದ್ದಿತು. ಅದೇ ನಗು. ಅದರ ಜೋರಿಗೆ ದೀಪವೇ ಅಲುಗಿ, ಬೆಳಕಿನ ದುಂಡು ಕೊಳಕು ಕೋಟಿನ ಮೇಲೆ ಗಡಗಡ ನಡುಗಿತು. ಡೆಸ್ಮಂಡ್ ಕೈ ಅಡ್ಡಹಿಡಿದು ಮೇಲೆ ನೋಡಿದ. ಬೆಳಕಿನ ಹಿಂದಿದ್ದ ಮುಖ ಕಾಣಲಿಲ್ಲ.

ನಗು ನಿಲ್ಲಲಿಲ್ಲ. ಬೆಳಕಿನ ದುಂಡು ಮಾತ್ರ ಮೆಲ್ಲಗೆ ಕಿರಿದಾಗುತ್ತ ಬಂದು, ಅವನ ತುಟಿಗಳ ಮೇಲೆ ನಿಂತಿತು.